ಕಾಶಿಯಲ್ಲಿ ಬಿಟ್ಟ ಹಣ್ಣು

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಮೊದಲು ಕೇಳುವುದು ಯಾವ ರೋಗಕ್ಕೆ ಯಾವ ಔಷಧಿ ಎಂದು. ಅದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿಕೊಳ್ಳಿ ಎನ್ನುತ್ತೇನೆ. ಡಬ್ಬಿಯ ಮೇಲೆ ಬರೆಯದ ಸಂಗತಿಗಳು ಕೆಲವಿವೆ, ಅವನ್ನು ಹೇಳೋಣವೆಂದು ಕುಳಿತಿದ್ದೇನೆ. ನಾನು ದ್ರಾಕ್ಷಿ ಬೇಸಾಯದ ತಾಂತ್ರಿಕ ಸಹಾಯಕನಾಗಿ ದುಡಿದು ನಿವೃತ್ತನಾದವನು, ಹುಟ್ಟಿದ್ದು ಬಿಜಾಪುರದ ಸೀಮೆ. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಬಂದಾಗ ಪೇಢೆ ಹಂಚಿದೆ, ತಿಂದವರು ಮರೆತರು. ತೊಂಬತ್ತರ ದಶಕದ ಆರಂಭದಲ್ಲಿ ಕಾಶಿಯಲ್ಲಿ ಕಳೆದ ಮೂರು ನಾಲ್ಕು ವರ್ಷಗಳನ್ನು ಮಾತ್ರ ಬರೆಯುತ್ತೇನೆ.

ಕಾಶಿಯಲ್ಲಿ ದ್ರಾಕ್ಷಿಯೇ ಎಂದು ನೀವು ಹುಬ್ಬೇರಿಸುವುದು ನನಗೆ ಗೊತ್ತು. ಅದೂ ವೈನಿನ ದ್ರಾಕ್ಷಿ. ಯಾವ ನೆಲದಲ್ಲಿ ವೈನಿನ ತಳಿಗಳು ಬಂದಾವು ಎಂದು ನೋಡುವ ಯೋಜನೆಯೊಂದು ಆಗ ನಡೆದಿತ್ತು. ಲಂಕಾ ಪೇಟೆ ದಾಟಿ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ ಹೋದರೆ ನಮ್ಮ ಪ್ರಯೋಗದ ತುಂಡು ಭೂಮಿ. ಫ್ರಾನ್ಸ್ ಕಡೆಯ ಒಂದು ಕರಿ ತಳಿ, ಹನ್ನೆರಡು ಸಾಲು. ಬಿಜಾಪುರದವನಿಗೆ ದ್ರಾಕ್ಷಿ ಗೊತ್ತಿರುತ್ತದೆ ಎಂದು ನನ್ನನ್ನು ಅಲ್ಲಿಗೆ ಕಳಿಸಿದರು. ನನಗೂ ಹಾಗೇ ಅನ್ನಿಸಿತ್ತು. ಭೇಲೂಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮನೆ ಮಾಲೀಕರು ಯಾವ ಕೆಲಸ ಎಂದರೆ 'ಹಣ್ಣಿನ ಇಲಾಖೆ' ಎಂದೆ. ವಿಶ್ವನಾಥನ ಊರಿನಲ್ಲಿ ಹೆಂಡದ ಹಣ್ಣು ಬೆಳೆಯಲು ಬಂದಿದ್ದೇನೆ ಎಂದರೆ ಕೋಣೆ ಸಿಗುತ್ತದೆಯೇ?

ನಮ್ಮ ಮೇಲಧಿಕಾರಿ ಪಾಂಡೆ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು, ಬಾಯಲ್ಲಿ ಸದಾ ಪಾನು. ಸಿಟ್ಟು ಬಂದಾಗ ಬೈಯಬೇಕೆಂದರೆ ಮೊದಲು ಪಾನು ಉಗಿದು ಬರಬೇಕು, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಕೆಲಸಗಾರರ ಮುಖಂಡ ರಾಮಧನಿ. ಹತ್ತಿರದ ಹಳ್ಳಿಯವನು, ಐವತ್ತರ ಆಸುಪಾಸು, ಗುಲಾಬಿ ಮತ್ತು ಸೀಬೆಯ ಕೆಲಸದಲ್ಲಿ ಪಳಗಿದ ಮಾಲಿ.

ನಾನು ಹೋಗಿ ತಿಂಗಳಾಗುವ ಮೊದಲೇ ಅಕ್ಟೋಬರ್ ಬಂತು. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತೇವೆ, ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ. ಅಕ್ಟೋಬರಿನದೇ ಫಲ ಕೊಡುವ ಸವರಿಕೆ. ಅದಕ್ಕೆ ನಮ್ಮವರು 'ಚಾಟ್ನಿ' ಎನ್ನುತ್ತಾರೆ, ಮರಾಠಿಯಿಂದ ಬಂದ ಮಾತು. ಹಿಂದಿಯಲ್ಲೂ ಹಾಗೇ ಇರಬೇಕೆಂದು ನಾನು ಒಂದು ಸಂಜೆ ಕೆಲಸಗಾರರನ್ನೆಲ್ಲ ಸೇರಿಸಿ ನನ್ನ ಹರಕು ಹಿಂದಿಯಲ್ಲಿ ಘೋಷಿಸಿದೆ:

"ಕಲ್ ಸೇ ಛಟನಿ ಶುರೂ. ಸಬ್ ಕಾ ಹೋಗಾ. ಏಕ್ ಭೀ ನಹೀಂ ಛೋಡೇಂಗೇ."

ನಾಳೆಯಿಂದ ಸವರಿಕೆ, ಒಂದು ಬಳ್ಳಿಯನ್ನೂ ಬಿಡುವುದಿಲ್ಲ ಎಂಬುದು ನನ್ನ ಅರ್ಥ. ಯಾರೂ ಮಾತಾಡಲಿಲ್ಲ. ಶಿಸ್ತಿನ ಜನ ಎಂದುಕೊಂಡು ಖುಷಿಯಿಂದ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ತೋಟದಲ್ಲಿ ಒಬ್ಬನೂ ಇಲ್ಲ. ಎಲ್ಲರೂ ಹೆಂಡತಿಯರ ಸಮೇತ ಪಾಂಡೆ ಸಾಹೇಬರ ಕಚೇರಿಯ ಮುಂದೆ ಕುಳಿತಿದ್ದಾರೆ. ಹಿಂದಿಯಲ್ಲಿ ಛಟನಿ ಎಂದರೆ ಕೆಲಸದಿಂದ ತೆಗೆದುಹಾಕುವುದು. ಬಳ್ಳಿಯ ಸವರಿಕೆಗೆ ಅವರ ಮಾತು ಛಂಟಾಯಿ. ಎಲ್ಲರನ್ನೂ ತೆಗೆಯುತ್ತೇನೆ, ಒಬ್ಬನನ್ನೂ ಬಿಡುವುದಿಲ್ಲ ಎಂದು ಬಂದು ತಿಂಗಳಾಗದ ಮದ್ರಾಸಿ ಹೇಳಿದ್ದಾನೆ! ಅಲ್ಲಿ ದಕ್ಷಿಣದವರೆಲ್ಲ ಮದ್ರಾಸಿಗಳೇ. ಪಾಂಡೆ ಸಾಹೇಬರು ಪಾನು ಉಗಿಯಲು ಎದ್ದರು. ನಾನು ಕತ್ತರಿ ತೆಗೆದು ಅಲ್ಲೇ ಕುಂಡದಲ್ಲಿದ್ದ ಗುಲಾಬಿಯ ಕಡ್ಡಿಯೊಂದನ್ನು ಕತ್ತರಿಸಿ ತೋರಿಸಿದ ಮೇಲೆ ಎಲ್ಲರಿಗೂ ತಿಳಿಯಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕತ್ತರಿಸಿದ್ದು ಸಾಹೇಬರ ಪ್ರೀತಿಯ ಗುಲಾಬಿ ಎಂಬುದು ಆಮೇಲೆ ತಿಳಿದದ್ದು.

ಆ ನಗುವಿನಲ್ಲಿ ಒಂದು ಮಾತು ಕಿವಿಗೆ ಬಿದ್ದೂ ಬೀಳದ ಹಾಗೆ ಹೋಯಿತು. ಮೊದಲ ಬಳ್ಳಿಗೆ ಕತ್ತರಿ ಇಟ್ಟಾಗ ರಾಮಧನಿ ಹೇಳಿದ್ದ, "ಸಾಹೇಬ್, ಈ ತ ಜಾಡಾ ಮೇಂ ಸೂತೇಲಾ. ಕಾಹೇ ಜಗಾವತ ಹಉವಾ?" ಚಳಿಗಾಲದಲ್ಲಿ ಇದು ಮಲಗುತ್ತದೆ, ಯಾಕೆ ಎಬ್ಬಿಸುತ್ತೀರಿ ಎಂದು. ಗುಲಾಬಿ ಮಾಲಿಗೆ ದ್ರಾಕ್ಷಿಯ ಗುಟ್ಟು ಏನು ಗೊತ್ತು ಎಂದು ನಾನು ಮುಂದುವರಿದೆ. ಹದಿನೈದು ದಿನಕ್ಕೆ ಚಿಗುರು ಬಂತು, ನವೆಂಬರಿನಲ್ಲಿ ಹೂಗೊಂಚಲು ಕಾಣಿಸಿತು. ಮೀಸೆ ತಿರುವಿದೆ. ಡಿಸೆಂಬರಿನ ಕೊನೆಗೆ ಕಾಶಿಯ ಮಂಜು ಇಳಿಯಿತು. ಹತ್ತು ದಿನ ಸೂರ್ಯನ ಮುಖವಿಲ್ಲ. ಚಿಗುರೆಲ್ಲ ಕಪ್ಪಾಗಿ, ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿತ್ತು. ಬೇಸಿಗೆಗಾಗಿ ಬಳ್ಳಿ ಕಾಂಡದಲ್ಲಿ ಕೂಡಿಟ್ಟುಕೊಂಡಿದ್ದ ಶಕ್ತಿಯೆಲ್ಲ ಆ ಚಿಗುರಿಗೆ ಖರ್ಚಾಗಿತ್ತು. ಆ ವರ್ಷ ಹಣ್ಣಿಲ್ಲ.

ಹೊಸಬರೇ, ಇದು ಮೊದಲ ಪಾಠ. ನಮ್ಮ ಕಡೆ ಬಳ್ಳಿ ಮಲಗುವುದೇ ಇಲ್ಲ, ಅದಕ್ಕೆ ನಾವು ವರ್ಷಕ್ಕೆರಡು ಸಲ ಕತ್ತರಿಯಿಂದ ದಾರಿ ತೋರಿಸುತ್ತೇವೆ. ಚಳಿ ಇರುವ ಕಡೆ ಎಲೆ ಉದುರಿಸಿ ಮಲಗುತ್ತದೆ. ಅಲ್ಲಿ ಒಂದೇ ಸವರಿಕೆ, ಜನವರಿ ಮುಗಿಯುವ ಹೊತ್ತಿಗೆ, ಅದು ಏಳುವ ಸ್ವಲ್ಪ ಮೊದಲು. ಪುಸ್ತಕದಲ್ಲಿ ಇದಿತ್ತು. ಓದಿದ್ದೆ ಕೂಡ. ಆದರೆ ಕೈಗೆ ಊರಿನ ಅಭ್ಯಾಸವಾಗಿತ್ತು.

ನೀಲವ್ವನ ಪರಿಚಯವಾದದ್ದು ಆ ಸೋಲಿನ ನಂತರ. ಭಾನುವಾರ ಕೇದಾರ ಘಾಟಿನ ಹತ್ತಿರ ಕನ್ನಡದ ಪುರೋಹಿತರೊಬ್ಬರ ಮನೆಯಲ್ಲಿ ನನಗೆ ಊಟ. ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವ ಮನೆತನ ಅದು, ಅವರ ಮಕ್ಕಳು ಸಾರು ಬಡಿಸುತ್ತಲೇ ಹಿಂದಿಯಲ್ಲಿ ಜಗಳವಾಡುತ್ತಿದ್ದವು. ಉಂಡು ಹೊರಬಂದರೆ ಗಲ್ಲಿಯಲ್ಲಿ ನನ್ನ ಸೈಕಲ್ಲಿನ ಪಕ್ಕ ಒಬ್ಬ ಮುದುಕಿ ನಿಂತು, ಕ್ಯಾರಿಯರ್‌ನಲ್ಲಿದ್ದ ಕತ್ತರಿಯನ್ನು ತಿರುವಿ ತಿರುವಿ ನೋಡುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ.

"ಏ ತಮ್ಮಾ, ಇದು ಚಾಟ್ನಿ ಕತ್ರಿ ಅಲ್ಲೇನು? ಯಾ ಊರಾಂವ ನೀ?"

ಆ ಊರಿನಲ್ಲಿ ಆ ಶಬ್ದವನ್ನು ಸರಿಯಾದ ಅರ್ಥದಲ್ಲಿ ಕೇಳಿ ನನಗೆ ಕಣ್ಣೀರೇ ಬಂತು. ನೀಲವ್ವ ಬಿಜಾಪುರದ ಪಡುವಣದ ಹಳ್ಳಿಯವಳು. ಗಂಡನ ಜೊತೆ ಸೇರಿ ನಾಲ್ಕೆಕರೆ ದ್ರಾಕ್ಷಿ ಮಾಡಿದವಳು. ಗಂಡ ತೀರಿಕೊಂಡ ಮೇಲೆ ಕೊನೆಗಾಲ ಇಲ್ಲೇ ಕಳೆಯುವೆನೆಂದು ಬಂದು, ಹರಿಶ್ಚಂದ್ರ ಘಾಟಿನ ಮೇಲಿನ ಗಲ್ಲಿಯಲ್ಲಿ ಒಂದು ಕೋಣೆಯಲ್ಲಿದ್ದಳು. ನನ್ನ ಅಕ್ಟೋಬರ್ ಕಥೆ ಕೇಳಿ ಹಣೆ ಬಡಿದುಕೊಂಡಳು.

"ಇಲ್ಲಿ ಠಂಡಿ ನೋಡಿಲ್ಲೇನು ನೀ? ರಜಾಯಿ ಹೊತ್ತರೂ ಎಲುವು ನಡಗತಾವ. ಊರ ಪಂಚಾಂಗ ಕೊಳ್ಳಾಗ ಕಟಗೊಂಡು ಬಂದೀಯಲ್ಲೋ, ಶಾಣ್ಯಾ ಸಾಯಬ!"

ಅಂದಿನಿಂದ ಭಾನುವಾರ ಊಟದ ಮೇಲೆ ಅವಳ ಕೋಣೆಯ ಮೆಟ್ಟಿಲಲ್ಲಿ ಕುಳಿತು ಮಾತಾಡುವುದು ರೂಢಿಯಾಯಿತು. ಒಮ್ಮೆ ಲಂಕಾದಲ್ಲಿ ಒಳ್ಳೆಯ ದ್ರಾಕ್ಷಿ ಬಂದಿತ್ತೆಂದು ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋದೆ. ಅವಳು ಮುಟ್ಟಲಿಲ್ಲ.

"ಬಿಟ್ಟೀನಿ," ಎಂದಳು.

ಕಾಶಿಗೆ ಬಂದವರು ಪ್ರೀತಿಯ ಹಣ್ಣೋ ಕಾಯಿಯೋ ಒಂದನ್ನು ಇಲ್ಲಿ ಬಿಟ್ಟು ಹೋಗುವ ಪದ್ಧತಿ ನಿಮಗೆ ಗೊತ್ತಿರಬಹುದು. ಬಿಟ್ಟದ್ದನ್ನು ಮತ್ತೆ ಸಾಯುವತನಕ ಬಾಯಿಗಿಡುವಂತಿಲ್ಲ. ನಮ್ಮ ಜನ ಇದರಲ್ಲೂ ಜಾಣರು. ನನ್ನ ತಾಯಿ ಕಾಶಿಯಾತ್ರೆ ಮಾಡಿ ಹಾಗಲಕಾಯಿ ಬಿಟ್ಟಳು, ಹುಟ್ಟಿದಾಗಿನಿಂದ ಅವಳು ಅದನ್ನು ತಿಂದದ್ದನ್ನು ಯಾರೂ ನೋಡಿರಲಿಲ್ಲ. ನೀಲವ್ವ ಮಾತ್ರ ದ್ರಾಕ್ಷಿ ಬಿಟ್ಟಿದ್ದಳು. ಯಾಕವ್ವಾ ಅದನ್ನೇ ಬಿಟ್ಟೆ ಎಂದೆ.

"ಇಷ್ಟ ಇಲ್ಲದ್ದನ್ನ ಕೊಡಾಕ ದೇವರೇನು ಭಿಕ್ಷುಕನೇನೋ?" ಎಂದಳು.

ನಿಮ್ಮ ತೋಟದ ಹಣ್ಣು ಏನು ಮಾಡ್ತಾರ ಎಂದು ಅವಳು ಕೇಳಿದಾಗ ನಾನು ಸುಳ್ಳು ಹೇಳಿದೆ. "ರಸ ತೆಗೀತಾರವ್ವಾ, ಔಷಧಕ್ಕ." ದಿನಕ್ಕೆರಡು ಸಲ ಲಿಂಗಪೂಜೆ ಮಾಡುವ ಮುದುಕಿಗೆ ಹೆಂಡಕ್ಕೆ ಎಂದು ಹೇಗೆ ಹೇಳಲಿ? ಹೇಳಿದರೆ ಭಾನುವಾರದ ಮೆಟ್ಟಿಲು ತಪ್ಪುತ್ತದೆ ಎಂಬ ಹೆದರಿಕೆಯೂ ಇತ್ತು. ಆ ಊರಿನಲ್ಲಿ ನನ್ನ ಭಾಷೆಯಲ್ಲಿ ನನ್ನನ್ನು ಬೈಯುವವರು ಬೇರೆ ಯಾರೂ ಇರಲಿಲ್ಲ. ಅವಳು ಹೂಂ ಎಂದಳು, ಮತ್ತೆ ಕೇಳಲಿಲ್ಲ.

ಎರಡನೇ ವರ್ಷ ಸರಿಯಾಗಿ ಜನವರಿ ಕೊನೆಯಲ್ಲಿ ಸವರಿದೆ. ವೈನಿನ ಬಳ್ಳಿಗೆ ಕಣ್ಣು, ಅಂದರೆ ಮೊಗ್ಗು, ಕಡಿಮೆ ಬಿಡಬೇಕು. ತಿನ್ನುವ ದ್ರಾಕ್ಷಿಯಲ್ಲಿ ನಮಗೆ ಬೇಕಾದದ್ದು ದೊಡ್ಡ ಕಾಯಿ, ತೆಳು ಸಿಪ್ಪೆ, ನೀರು ತುಂಬಿದ ತಿರುಳು, ಬೀಜ ಇರಲೇಬಾರದು. ಅದಕ್ಕಾಗಿ ಗೊಂಚಲನ್ನು ಹಾರ್ಮೋನಿನಲ್ಲಿ ಅದ್ದುತ್ತೇವೆ, ನೀರುಣಿಸುತ್ತೇವೆ. ವೈನಿನ ದ್ರಾಕ್ಷಿ ಇದಕ್ಕೆ ಉಲ್ಟಾ. ಬಣ್ಣವೂ ವಾಸನೆಯೂ ಇರುವುದು ಸಿಪ್ಪೆಯಲ್ಲಿ. ಕಾಯಿ ಸಣ್ಣದಿದ್ದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಆದ್ದರಿಂದ ಗೊಂಚಲು ಕಡಿಮೆ, ನೀರೂ ಕಡಿಮೆ, ಬಳ್ಳಿಗೆ ಸ್ವಲ್ಪ ಕಷ್ಟ ಗೊತ್ತಿರಬೇಕು. ಬಿಜಾಪುರದವನ ಕೈಗೆ ಇದು ಒಗ್ಗುವುದು ಸುಲಭವಲ್ಲ. ಬಟಾಣಿಯಷ್ಟು ಕಾಯಿ ನೋಡಿದಾಗಲೆಲ್ಲ ನೀರು ಬಿಡೋಣವೇ ಎಂದು ಜೀವ ಚಡಪಡಿಸುತ್ತಿತ್ತು.

ಆ ವರ್ಷ ಪ್ರಮಾದ ಮಾಡುವ ಸರದಿ ಪಾಂಡೆ ಸಾಹೇಬರದು. ಅವರು ತಂಪು ದೇಶವೊಂದರಲ್ಲಿ ಆರು ವಾರ ತರಬೇತಿ ಪಡೆದು ಬಂದಿದ್ದರು. ಅಲ್ಲಿ ಗೊಂಚಲಿನ ಸುತ್ತ ಎಲೆ ಕಿತ್ತು ಬಿಸಿಲು ಬೀಳಿಸುತ್ತಾರಂತೆ, ಹಾಗೆ ಮಾಡಿದರೆ ಬೂಷ್ಟು ಬರುವುದಿಲ್ಲ, ಬಣ್ಣ ಏರುತ್ತದೆ. ಮೇ ತಿಂಗಳಲ್ಲಿ ಎಲೆ ಕೀಳಿಸಿದರು. ಅವರು ಕಂಡದ್ದು ಅಲ್ಲಿನ ಸೂರ್ಯ, ಇಲ್ಲಿ ಬೀಸುವುದು ಪಶ್ಚಿಮದ ಬಿಸಿಗಾಳಿ, ಲೂ. ಮೂರೇ ದಿನಕ್ಕೆ ಪಡುವಣ ಮಗ್ಗುಲಿನ ಗೊಂಚಲುಗಳೆಲ್ಲ ಹುರಿದ ಶೇಂಗಾದಂತಾದವು. ಸಾಹೇಬರು ಸಾಲಿನ ನಡುವೆ ನಿಂತು ಒಂದೊಂದೇ ಗೊಂಚಲು ಎತ್ತಿ ನೋಡಿದರು. ಬಾಯಲ್ಲಿ ಪಾನು ಇರಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಂದು. ಮೇಲಿನವರಿಂದ ಕಾಗದ ಬಂತು: ಇನ್ನೊಂದು ಬೆಳೆ ನೋಡುವುದು, ಒಳ್ಳೆಯ ವೈನು ಬಾರದಿದ್ದರೆ ಬಳ್ಳಿಗಳನ್ನು ಕಿತ್ತು ಸೀಬೆ ನೆಡುವುದು.

"ಏಕ್ ಗಲತೀ ಆಪ್ ಕೀ, ಏಕ್ ಹಮಾರೀ. ಅಬ್ ತೀಸರೀ ಕೀ ಜಗಹ್ ನಹೀಂ ಹೈ," ಎಂದರು ಸಾಹೇಬರು. ಒಂದು ತಪ್ಪು ನಿಮ್ಮದು, ಒಂದು ನನ್ನದು, ಮೂರನೆಯದಕ್ಕೆ ಜಾಗವಿಲ್ಲ. ಆ ಹನ್ನೆರಡು ಸಾಲು ಕೀಳಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕೊಂದವನು ನಾನೇ ಎಂಬ ಲೆಕ್ಕ ಆಗುತ್ತಿತ್ತು.

ಮೂರನೇ ವರ್ಷ ಎಲ್ಲವೂ ಹದವಾಗಿ ಬಂತು. ಪಡುವಣಕ್ಕೆ ಎಲೆ ಉಳಿಸಿ, ಬೆಳಗಿನ ಬಿಸಿಲು ಬೀಳುವ ಮೂಡಣದಲ್ಲಿ ಮಾತ್ರ ತೆಳು ಮಾಡಿದೆವು. ಗಿಣಿಗಳಿಗೆ ಬಲೆ ಕಟ್ಟಿದೆವು. ಜೂನ್ ಬಂತು. ಇಲ್ಲಿಂದ ಮುಂದೆ ಪಂದ್ಯ ಮಳೆಯ ಜೊತೆ. ತಿಂಗಳ ಮೂರನೇ ವಾರದ ಹೊತ್ತಿಗೆ ಮುಂಗಾರು ಕಾಶಿಗೆ ಬರುತ್ತದೆ. ಹಣ್ಣಾಗುವ ಗೊಂಚಲಿನ ಮೇಲೆ ಮಳೆ ಬಿದ್ದರೆ ಕಾಯಿ ಒಡೆದು ಕೊಳೆಯುತ್ತದೆ. ಬೇಗ ಕೊಯ್ದರೆ ವೈನು ಹಸಿ ಹಸಿ, ತಡ ಮಾಡಿದರೆ ಬೆಳೆಯೇ ಇಲ್ಲ.

ಸಕ್ಕರೆ ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಉಪಕರಣವಿತ್ತು. ಗಾಜಿನ ಮೇಲೆ ಒಂದು ಹನಿ ರಸ ಹಾಕಿ ಕಣ್ಣಿಗಿಟ್ಟು ನೋಡಿದರೆ ಒಳಗೆ ಅಂಕಿ. ರಾಮಧನಿ ಅದನ್ನು ದೂರಬೀನ್ ಎನ್ನುತ್ತಿದ್ದ. ವೈನಿಗೆ ಇಪ್ಪತ್ತೆರಡರ ಆಸುಪಾಸು ಬಂದರೆ ಸಾಕು. ಎರಡನೇ ವಾರದಲ್ಲಿ ಮೂರು ದಿನ ಬಿಡದೆ ಲೂ ಬೀಸಿತು. ನಾಲ್ಕನೇ ಬೆಳಿಗ್ಗೆ ನೋಡಿದರೆ ಅಂಕಿ ಇಪ್ಪತ್ತನಾಲ್ಕು! ಸಾಹೇಬರು ಒಂದು ಕಾಯಿ ಬಾಯಿಗೆ ಹಾಕಿ, "ಬಢಿಯಾ! ಮೀಠಾ!" ಎಂದರು. ರಾಮಧನಿಯೂ ತಿಂದು ತಲೆಯಾಡಿಸಿದ. ನಾನೂ ತಿಂದೆ, ಸಿಹಿ. ನಾಡಿದ್ದು ಕೊಯ್ಲು ಎಂದು ನಿಶ್ಚಯವಾಯಿತು.

ಆ ದಿನ ಭಾನುವಾರ. ಖುಷಿ ಹಂಚಿಕೊಳ್ಳಲು ನೀಲವ್ವನ ಹತ್ತಿರ ಹೋದೆ, ಕೈಯಲ್ಲಿ ಒಂದು ಗೊಂಚಲೂ ಇತ್ತು. ಅವಳು ಗೊಂಚಲನ್ನು ಕಣ್ಣ ಹತ್ತಿರ ಹಿಡಿದಳು. ಒಂದು ಕಾಯಿ ಕಿತ್ತು ಹಿಚುಕಿ ಬೀಜ ಹೊರತೆಗೆದಳು.

"ಬೀಜ ಹಸರು ಐತಿ. ತೊಟ್ಟೂ ಹಸರು. ಹಣ್ಣಾಗಿಲ್ಲೋ ಇದು."

"ಸಕ್ಕರಿ ಇಪ್ಪತ್ನಾಲ್ಕು ಬಂದೈತವ್ವಾ, ಉಪಕರಣ ಹೇಳತೈತಿ. ನಾವೂ ತಿಂದು ನೋಡೀವಿ."

"ಲೂ ಬಿಟ್ಟಿತ್ತಲ್ಲ? ಅದು ಹಣ್ಣಾಗಿದ್ದಲ್ಲ, ಒಣಗಿದ್ದು. ನೀರು ಆರಿದ ಮ್ಯಾಲ ಸಾರು ಉಪ್ಪಾಗೂದಿಲ್ಲೇನು?" ಮತ್ತೆ ನನ್ನ ಮುಖವನ್ನೇ ನೋಡಿ ಕೇಳಿದಳು, "ತಿಂದು ನೋಡಿದವರು ಯಾರ್ಯಾರು?"

"ನಾ, ಸಾಹೇಬ್ರು, ರಾಮಧನಿ."

"ಬಾಯಿ ತಗಿ." ತೆಗೆದೆ. "ಆತಲ್ಲ, ಕೆಂಪಗ ಐತಿ! ಮೂರೂ ಮಂದಿ ದಿನಾ ಪಾನ ಜಗಿಯೋರು. ಕಾಚು ಹತ್ತಿದ ನಾಲಿಗಿಗೆ ಒಗರು ಹೆಂಗ ಗೊತ್ತಾಗಬೇಕು? ನಿಮ್ಮ ಬನಾರಸದಾಗ ಯಾರ ಬಾಯಿಗೂ ಹಣ್ಣು ಕೊಡಬಾರದು ನೋಡು."

ಕಾಶಿಗೆ ಬಂದು ನಾನು ಕಲಿತ ಒಂದೇ ಶೋಕಿ ಪಾನು. ವೈನಿನ ದ್ರಾಕ್ಷಿಯಲ್ಲಿ ಸಿಹಿ ಬಂದ ಮೇಲೂ ಬೀಜ ಮತ್ತು ಸಿಪ್ಪೆಯ ಒಗರು ಮೆತ್ತಗಾಗಲು ಕಾಯಬೇಕು. ಆ ಒಗರನ್ನು ಹೇಳಬಲ್ಲದ್ದು ನಾಲಿಗೆ ಮಾತ್ರ, ಉಪಕರಣವಲ್ಲ. ನಮ್ಮ ಮೂರೂ ನಾಲಿಗೆಗಳು ಕಾಚಿನಲ್ಲಿ ನೆನೆದವು. ಒಗರಿನ ಪಾನಿನ ಮೇಲೆ ಹಸಿ ಬೀಜದ ಒಗರು ಎಲ್ಲಿ ತಿಳಿದೀತು?

"ಹಂಗಾದ್ರ ನೀನ ಒಂದ್..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳಿಗೆ ತಿಳಿಯಿತು. ಗೊಂಚಲನ್ನು ಮೆಲ್ಲಗೆ ನನ್ನ ಕೈಗಿಟ್ಟಳು.

"ನಾ ಬಾಯಿಗೆ ಇಡಾಂಗಿಲ್ಲ. ನಿನ್ನ ಬಾಯಿ ಇಸಗೋತೀನಿ. ಇವತ್ತಿನಿಂದ ಪಾನ ಬಂದ್. ಬಳ್ಳಿಗೆ ಇವತ್ತು ಸಂಜಿಗೆ ತುಸು ನೀರು ಕೊಡು, ಭಾಳ ಬ್ಯಾಡ. ನೀರಡಿಕಿ ಆಗಿದ್ರ ಕಾಯಿ ತುಂಬಿಕೊಂಡು ನಿನ್ನ ಆ ಅಂಕಿ ಇಳೀತೈತಿ. ಖರೇನ ಹಣ್ಣಾಗಿದ್ರ ಇಳಿಯಾಂಗಿಲ್ಲ."

ಕೊಯ್ಲಿನ ಮುಂಚೆ ವೈನಿನ ಬಳ್ಳಿಗೆ ನೀರು ಕೊಡುವುದು ಪಾಪ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿದೆ. ಯಾರನ್ನೂ ಕೇಳದೆ ಸಂಜೆ ನೀರು ಬಿಟ್ಟೆ. ಒಂದು ದಿನ ಬಿಟ್ಟು ನೋಡಿದರೆ ಇಪ್ಪತ್ತನಾಲ್ಕು ಇದ್ದದ್ದು ಇಪ್ಪತ್ತಕ್ಕೆ ಬಂದಿತ್ತು. ಮುದುಕಿ ಹೇಳಿದ್ದು ಅಕ್ಷರಶಃ ನಿಜ. ಸಾಹೇಬರಿಗೆ ಅಂಕಿ ತೋರಿಸಿ, ಕೊಯ್ಲು ಮುಂದೂಡಬೇಕು, ಅದು ಲೂವಿನ ಸಕ್ಕರೆ ಎಂದೆ. ಅವರು ಪಾನು ಉಗಿಯಲೂ ಎದ್ದು ಹೋಗಲಿಲ್ಲ.

"ಔರ್ ಬಾರಿಶ್? ಬಾರಿಶ್ ಆಪ್ ಕೇ ಬಾಪ್ ಕೀ ನೌಕರ್ ಹೈ?"

ಮಳೆ ನನ್ನಪ್ಪನ ಆಳಲ್ಲ, ನಿಜ. ಹಸಿ ಹಣ್ಣಿನಿಂದ ಕೆಟ್ಟ ವೈನಾದರೂ ಬಳ್ಳಿ ಹೋಗುತ್ತದೆ, ಮಳೆ ಬಂದರೂ ಹೋಗುತ್ತದೆ, ಹೋಗುವುದಾದರೆ ಸರಿಯಾದ ಕೆಲಸ ಮಾಡಿ ಹೋಗಲಿ ಎಂದೆ. ನನ್ನ ಹಿಂದಿಯಲ್ಲಿ ಇದು ಹೇಗೆ ಕೇಳಿಸಿತೋ ಗೊತ್ತಿಲ್ಲ. ಅವರು ನಾಲ್ಕು ದಿನ ಕೊಟ್ಟರು.

ಆ ನಾಲ್ಕು ದಿನ ನಾನು ಆಕಾಶ ನೋಡಿದಷ್ಟು ಯಾವ ಜ್ಯೋತಿಷಿಯೂ ನೋಡಿರಲಾರ. ಪಾನು ಬಿಟ್ಟ ಬಾಯಿ ಚಡಪಡಿಸುತ್ತಿತ್ತು. ಮೂರನೇ ದಿನ ಪೂರ್ವದ ಗಾಳಿ ಬೀಸತೊಡಗಿತು. "ಪುರವೈಯಾ ಬಾ, ಸಾಹೇಬ್," ಎಂದ ರಾಮಧನಿ. ಪೂರ್ವದ ಗಾಳಿ ಬಂತೆಂದರೆ ಮಳೆ ಹಿಂದೆಯೇ ಇದೆ ಎಂದರ್ಥ. ನಾಲ್ಕನೇ ದಿನ ಬೆಳಿಗ್ಗೆ ಮೋಡ ಕಟ್ಟಿತ್ತು. ನೀಲವ್ವನನ್ನು ರಿಕ್ಷಾದಲ್ಲಿ ಕೂಡಿಸಿ ತೋಟಕ್ಕೆ ಕರೆತಂದೆ. ಬಳ್ಳಿಯ ಸಾಲು ಕಂಡವಳೇ ಚಪ್ಪಲಿ ಹೊರಗೆ ಬಿಟ್ಟಳು. ಸಾಲಿನುದ್ದ ನಡೆಯುತ್ತ ಎಲೆಯ ಹಿಂಬದಿ ನೋಡಿದಳು, ಗೊಂಚಲನ್ನು ಅಂಗೈಯಲ್ಲಿ ತೂಗಿದಳು. ಆಮೇಲೆ ಒಂದು ಗೊಂಚಲಿನ ತುದಿಯ ಕಾಯಿ ಕಿತ್ತು ನನ್ನ ಬಾಯಿಗಿಟ್ಟಳು.

"ಕಣ್ಣು ಮುಚ್ಚು. ನಾ ಕೇಳಿದ್ದಕ್ಕಷ್ಟ ಹೇಳು. ಸಿಪ್ಪಿ ಜಗಿ. ಒಗರು ಎಲ್ಲಿ ಹಿಡೀತು? ಗಲ್ಲಕ್ಕೋ, ನಾಲಿಗಿ ನಡುವೋ?"

"ಗಲ್ಲಕ್ಕ. ಸ್ವಲ್ಪ."

"ಹಿಡದಿದ್ದು ಹಂಗ ನಿಂತೈತೋ, ಬಿಡತೈತೋ?"

"ಬಿಡತೈತಿ."

"ಬೀಜ ಕಡಿ. ಮೆತ್ತಗ ಐತೋ, ಕಟಕ್ ಅಂತೈತೋ?"

"ಕಟಕ್ ಅಂತು."

"ಏನ್ ರುಚಿ ಐತಿ?"

ನಾನು ಕಣ್ಣು ಮುಚ್ಚಿಯೇ ಇದ್ದೆ. ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಹೇಳಿದೆ, "ಹುರಿದ ಕಡಲಿ ಹಂಗವ್ವಾ."

ಕಣ್ಣು ತೆರೆದರೆ ಅವಳೂ ಕಣ್ಣು ಮುಚ್ಚಿ ನಿಂತಿದ್ದಳು, ಬಾಯಿ ಮೆಲ್ಲಗೆ ಆಡುತ್ತಿತ್ತು, ಬರಿಯ ಬಾಯಿ. ಎಷ್ಟು ಇಷ್ಟವಾದದ್ದನ್ನು ಬಿಟ್ಟಿದ್ದಾಳೆ ಎಂದು ನನಗೆ ತಿಳಿದದ್ದು ಆಗಲೇ.

"ಕೊಯ್ಯಿ," ಎಂದಳು. "ಬಾಕಿ ಮಾತು ಆಮ್ಯಾಲ."

ಎಲ್ಲರೂ ಬಿದ್ದು ಕೊಯ್ದೆವು. ಸಾಹೇಬರೂ ಪ್ಯಾಂಟು ಮಡಚಿ ಇಳಿದರು. ನೀಲವ್ವ ಬುಟ್ಟಿಯ ಮುಂದೆ ಕುಳಿತು ಕೊಳೆತದ್ದನ್ನು ಆರಿಸಿ ತೆಗೆದಳು. ಯಾರೆಂದು ಸಾಹೇಬರು ಕೇಳಿದ್ದಕ್ಕೆ ನಮ್ಮ ಊರಿನವಳು ಎಂದೆ, ಅಷ್ಟೇ. ಏಳು ಸಾಲು ಮುಗಿಯುವಷ್ಟರಲ್ಲಿ ಮಳೆ ಬಂತು. ಉಳಿದ ಐದು ಸಾಲು ನಮ್ಮ ಕಣ್ಣೆದುರೇ ಒಡೆದು ಹೋದವು.

ಏಳು ಸಾಲಿನ ಹಣ್ಣಿನಿಂದ ಪ್ರಯೋಗಶಾಲೆಯಲ್ಲಿ ವೈನಾಯಿತು. ಚಳಿಗಾಲದ ಹೊತ್ತಿಗೆ ರುಚಿ ನೋಡುವ ದಿನ ಬಂದಾಗ ನಾನು ಸಾಹೇಬರಿಗೆ ಎರಡು ದಿನ ಪಾನು ಬಿಡಿಸಿದ್ದೆ. ಅವರು ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ಬಾಗಿಲಲ್ಲಿದ್ದ ರಾಮಧನಿಗೆ ಹೇಳಿದರು, "ಅಮರೂದ್ ಕೇ ಗಡ್ಢೇ ಮತ್ ಖೋದನಾ." ಸೀಬೆಗೆ ಗುಂಡಿ ತೋಡಬೇಡ. ಬಳ್ಳಿ ಉಳಿಯಿತು.

ವರದಿಯ ಫಾರ್ಮಿನಲ್ಲಿ ಒಂದು ಕಲಮಿತ್ತು: ಕೊಯ್ಲಿನ ದಿನ ನಿರ್ಧರಿಸಿದ ವಿಧಾನ. ನಾನು ರಿಫ್ರಾಕ್ಟೋಮೀಟರ್ ಎಂದು ಬರೆದೆ. ಸಾಹೇಬರು ಎದುರಿಗೇ ಇದ್ದರು, ದಿನ ಹೇಗೆ ಗೊತ್ತಾಯಿತು ಎಂದು ಬಾಯಿಬಿಟ್ಟು ಕೇಳಿದರು. ಉಪಕರಣದಿಂದ ಎಂದೆ. ಓದು ಬಾರದ ಮುದುಕಿ ಹೇಳಿದಳು ಎಂದರೆ ನನ್ನ ಕೆಲಸಕ್ಕೆ ಏನು ಬೆಲೆ ಎಂಬ ಸಣ್ಣತನ. ವೃತ್ತಿಯಲ್ಲಿ ಬೇಕಾದಷ್ಟು ತಪ್ಪು ಮಾಡಿದ್ದೇನೆ, ನಾಚಿಕೆಯಾಗುವುದು ಇದೊಂದಕ್ಕೆ.

ಭಾನುವಾರ ನೀಲವ್ವನ ಮೆಟ್ಟಿಲಿಗೆ ಹೋದೆ. ಬಳ್ಳಿ ಉಳಿಯಿತೆಂದು ಹೇಳಿದಾಗ ಲಿಂಗದ ಕರಡಿಗೆ ಕಣ್ಣಿಗೊತ್ತಿಕೊಂಡಳು.

"ಸಾಹೇಬ್ರು ಕೇಳಿದ್ರೇನು, ಯಾವಾಗ ಕೊಯ್ಯೋದು ಅಂತ ಯಾರು ಹೇಳಿದ್ರು ಅಂತ?"

"ಕೇಳಿದ್ರು."

"ಏನಂದಿ?"

ತಲೆ ತಗ್ಗಿಸಿದೆ. "ಉಪಕರಣ ಅಂದೆ."

ಬೈಯುತ್ತಾಳೆ ಎಂದು ಕಾದೆ. ಅವಳು ನಕ್ಕುಬಿಟ್ಟಳು.

"ಛಲೋ ಮಾಡಿದಿ ಬಿಡು. ಸೆರಿ ಕಾಸೋ ಹಣ್ಣಿಗೆ ಕಾಶ್ಯಾಗ ಕುಂತ ಮುದುಕಿ ಹೆಸರು ಬರೀತಾರೇನು?"

ಸೆರಿ ಎಂದರೆ ನಮ್ಮ ಕಡೆ ಹೆಂಡ. ಔಷಧಕ್ಕೆ ಎಂದು ಹೇಳಿದ್ದ ಸುಳ್ಳನ್ನು ಇಷ್ಟು ವರ್ಷ ಹಾಗೇ ಕಾಪಾಡಿಕೊಂಡು ಬಂದಿದ್ದೆ. "ನಿನಗ ಯಾವಾಗಿಂದ ಗೊತ್ತವ್ವಾ?"

"ಮೊದಲಿಂದ. ಕಾಯಿ ಸಣ್ಣ ಇರಬೇಕು, ನೀರು ಕಡಿಮಿ ಅಂತ ನೀನ ಹೇಳತಿದ್ದಿ. ನಮ್ಮ ತವರಾಗ ಬೀಜದ ಕರಿ ದ್ರಾಕ್ಷಿ ಇತ್ತು. ಬೀಜ ಕಂದಾಗೂತನಕ ಕಾಯೋವ್ರು ಸೆರಿ ಮಾಡೋರು ಒಬ್ಬರ. ಔಷಧಕ್ಕಂತ, ರಸಕ್ಕಂತ ಯಾರಿಗೆ ಬೇಕೋ ಬೀಜದ ಚಿಂತಿ?"

"ಗೊತ್ತಿದ್ದೂ ಯಾಕ ಹೇಳಿಕೊಟ್ಟಿ?"

ಅವಳು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ಕುಡಿಯೋ ಪಾಪ ಕುಡದವಗ. ಹಸೀದ ಕೊಯ್ಯೋದು ಪಾಪ ಅಲ್ಲೇನು? ಬಳ್ಳಿ ಏನ್ ತಪ್ಪು ಮಾಡೈತಿ?" ಮತ್ತೆ ಹೇಳಿದಳು, "ಮುಂದಿನ ಚಾಟ್ನಿಗೆ ಆ ಮೂರನೇ ಸಾಲಿಗೆ ಒಂದೊಂದು ಕಣ್ಣು ಕಡಿಮಿ ಬಿಡು. ಭಾಳ ಭಾರ ಹೇರೀದಿ ಅದಕ್ಕ."

ಜನವರಿ ಕೊನೆಗೆ ಮೂರನೇ ಸಾಲಿಗೆ ಒಂದೊಂದು ಕಣ್ಣು ಕಡಿಮೆ ಬಿಟ್ಟು ಸವರಿದೆ. ಯಾಕೆ ಕಡಿಮೆ, ಯಾವ ಆಧಾರ ಎಂದು ಬರೆಯಲು ದಾಖಲೆಯಲ್ಲಿ ಜಾಗವಿತ್ತು. ಅಲ್ಲಿ ದೇವನಾಗರಿಯಲ್ಲಿ ನೀಲವ್ವ ಎಂದು ಬರೆದೆ. ಪಾಂಡೆ ಸಾಹೇಬರು ಕನ್ನಡಕ ಏರಿಸಿ ಆ ಶಬ್ದವನ್ನು ಎರಡು ಸಲ ಓದಿದರು.

"ನೀಲವ್ವ? ಯೇ ಕೌನ್ ಸಾ ಉಪಕರಣ್ ಹೈ?"

ಇದು ಯಾವ ಉಪಕರಣ ಎಂದು ಕೇಳಿದ ಸಾಹೇಬರಿಗೆ ಕುಳಿತುಕೊಳ್ಳಲು ಹೇಳಿ, ಮೊದಲಿನಿಂದ ಎಲ್ಲ ಹೇಳಿದೆ.